ಅಡುಗಿ ಕಲಿಯಾಕ ಡಿಗ್ರಿ ಯಾಕ? ಗೃಹ ವಿಜ್ಞಾನದ ಕಥೆ, ಹುಣಸಗಿಯಿಂದ

ಹುಣಸಗಿಯಿಂದ ಈ ವಾರದ ಕಂತು. ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರು, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೊಂಟವರು, ಫೋನ್ ಬಾಜೂಕ ಇಟ್ಟು ರೊಟ್ಟಿ ಬಡಿಯೋರು, ಎಲ್ಲರಿಗೂ ಶರಣು.

ಇವತ್ತಿನ ಇತಿಹಾಸದಾಗ ಕೋಟೆ ಇಲ್ಲ, ಯುದ್ಧ ಇಲ್ಲ. ಸುರಪುರದ ನಾಯಕರ ಕಥೆ ಇನ್ನೊಂದಿನ ಮಾತಾಡೋಣ. ಇವತ್ತು ಒಂದು ಡಿಗ್ರಿಯ ಇತಿಹಾಸ.

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದು, ಸಿಇಟಿ ರ‍್ಯಾಂಕ್ ಬಂದ ಮ್ಯಾಲೆ ನಮ್ಮ ಕಡೆ ಮನಿ ಮನಿಯಾಗ ಒಂದು ಚರ್ಚೆ ನಡೀತದ. ಮೆಡಿಕಲ್ ಸಿಗಲಿಲ್ಲ, ಅಗ್ರಿ ಸೀಟು ಸ್ವಲ್ಪದರಾಗ ತಪ್ಪಿತು. ಪಟ್ಟಿಯ ಕೆಳಗ ಒಂದು ಹೆಸರು ಕಾಣ್ತದ: ಬಿ.ಎಸ್ಸಿ. ಆನರ್ಸ್, ಸಮುದಾಯ ವಿಜ್ಞಾನ. ಹಂಗಂದ್ರ ಏನು ಅಂತ ಕೇಳಿದ್ರ, ತಿಳಿದವರು "ಅದು ಮೊದಲಿನ ಗೃಹ ವಿಜ್ಞಾನ" ಅಂತಾರ. ಅಷ್ಟು ಕೇಳಿದ್ದೇ ತಡ, ಕಟ್ಟಿ ಮ್ಯಾಲೆ ಕುಂತ ಕಾಕಾ ಒಬ್ಬರು ಅಂದೇ ಬಿಡ್ತಾರ: "ಅಡುಗಿ ಕಲಿಯಾಕ ಧಾರವಾಡಕ್ಕ ಯಾಕ ಹೋಗಬೇಕು? ಅವ್ವ ಕಲಸಂಗಿಲ್ಲೇನು?"

ಕಾಕಾನ ಪ್ರಶ್ನೆಗೆ ನಗಬಹುದು, ಸಿಟ್ಟೂ ಬರಬಹುದು. ಆದರೆ ಆ ಒಂದು ಮಾತಿನ ಮೇಲೆ ಒಬ್ಬ ಹುಡುಗಿಯ ನಾಲ್ಕು ವರ್ಷ, ಆಮೇಲಿನ ಕೆಲಸ, ಬದುಕು ನಿಂತಿರುತ್ತದೆ. ಹಾಗಾಗಿ ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಬೇಕು ಅನ್ನಿಸಿತು. ನಾನು ಓದಿದ್ದು ಬಿ.ಕಾಂ. ಜಮಾ, ಖರ್ಚು, ಲಾಭ, ನಷ್ಟ ಇಷ್ಟೇ ನನ್ನ ಭಾಷೆ. ನಮ್ಮ ಪುಸ್ತಕಗಳಲ್ಲಿ ಮನೆ ಅಂದ್ರೆ ಸಾಮಾನು ಕೊಳ್ಳುವ ಗಿರಾಕಿ, ಅಷ್ಟೇ. ಆ ಮನೆಯೊಳಗೆ ಏನು ತಯಾರಾಗ್ತದ, ಯಾರು ತಯಾರು ಮಾಡ್ತಾರ, ಅದರ ಬೆಲೆ ಎಷ್ಟು ಅಂತ ಮೂರು ವರ್ಷದಾಗ ಒಂದು ಪ್ರಶ್ನೆಯೂ ಬರಲಿಲ್ಲ. ಗೃಹ ವಿಜ್ಞಾನ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಹುಣಸಗಿಯ ಹಳೆಯ ಅಡುಗೆಮನೆ

ಮೊದಲು ನಮ್ಮೂರಿಂದಲೇ ಶುರು ಮಾಡೋಣ. ಹುಣಸಗಿ ಅಂದ್ರೆ ಕರ್ನಾಟಕದಾಗ ಭಾಳ ಮಂದಿಗೆ ಗೊತ್ತಿಲ್ಲ. ಹತ್ತಿರದ ನಾರಾಯಣಪುರದ ಬಸವಸಾಗರ ಜಲಾಶಯ ಗೊತ್ತು, ಎಡದಂಡೆ ಕಾಲುವೆ ಗೊತ್ತು. ಆದರೆ ಪುರಾತತ್ವ ಓದುವವರಿಗೆ ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಹುಣಸಗಿ–ಬೈಚಬಾಳ ಕಣಿವೆ ಗೊತ್ತಿರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಟ್ಟಲೆ ಇಲ್ಲಿ ಕೆಲಸ ಮಾಡಿದರು. ಇಲ್ಲೇ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ ಅಳತೆ ಮಾಡಲಾಗಿದೆ.

ಪದ್ದಯ್ಯನವರು ಕಲ್ಲು ಎಣಿಸಿ ಸುಮ್ಮನಾಗಲಿಲ್ಲ. ಬ್ಯಾಸಿಗಿಯಾಗ ಈ ಮಂದಿ ನೀರಿಗೆ ಎಲ್ಲಿ ಸೇರುತ್ತಿದ್ದರು, ಮಳೆಗಾಲದಲ್ಲಿ ಎಲ್ಲಿಗೆ ಚದುರುತ್ತಿದ್ದರು, ಸುತ್ತಲಿನ ಗಿಡಗಂಟಿಯಲ್ಲಿ ತಿನ್ನಲು ಏನು ಸಿಗುತ್ತಿತ್ತು ಅಂತಲೂ ಕೇಳಿದರು. ನೀರು, ಊಟ, ಆಶ್ರಯ, ಅದಕ್ಕೆ ಬೇಕಾದ ಉಪಕರಣ. ಈಗಿನ ಕಾಲೇಜಿನ ಸಿಲೆಬಸ್ ತೆಗೆದು ನೋಡ್ರಿ, ಸಂಸಾರ ನಡೆಸುವುದರ ಮೂಲ ಪ್ರಶ್ನೆಗಳು ಇವೇ.

ಕನ್ನಡದಲ್ಲೂ ಈ ವಿಷಯ ಹೊಸದಲ್ಲ. ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೇ ಚಾವುಂಡರಾಯ 'ಲೋಕೋಪಕಾರ' ಅಂತ ಒಂದು ಗ್ರಂಥ ಬರೆದ. ಮನೆ ಕಟ್ಟುವುದು, ನೆಲದಲ್ಲಿ ನೀರಿನ ಸೆಲೆ ಹುಡುಕುವುದು, ಗಿಡ ಬೆಳೆಸುವುದು, ಅಡುಗೆ, ಸುಗಂಧ, ಔಷಧ, ಎಲ್ಲವೂ ಒಂದೇ ಪುಸ್ತಕದಲ್ಲಿ ಇವೆ. ಅದಾದ ನೂರು ವರ್ಷಕ್ಕೆ, ಇವತ್ತಿನ ಬಸವಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ಸಂಸ್ಕೃತದ ಆ ಗ್ರಂಥದಲ್ಲಿ ಇಡ್ಲಿ, ದೋಸೆಯಂಥ ತಿನಿಸುಗಳ ಮಾತು ಬರುತ್ತದೆ. 1508ರ ಸುಮಾರಿಗೆ ಮೂರನೇ ಮಂಗರಸ ಅಡುಗೆಯನ್ನೇ ವಿಷಯ ಮಾಡಿಕೊಂಡು ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ.

ಇಲ್ಲಿ ಒಂದು ಮಾತು ಗಮನಿಸ್ರಿ. ಬರೆದವರು ಮೂವರೂ ಗಂಡಸರು. ಒಬ್ಬ ರಾಜ, ಇಬ್ಬರು ಕವಿಗಳು. ದಿನಾ ಒಲಿ ಮುಂದ ಕುಂತವರ ಹೆಸರು ಎಲ್ಲೂ ಇಲ್ಲ. ಮನೆಯ ಜ್ಞಾನ ಪುಸ್ತಕ ಸೇರಿದಾಗ ಶಾಸ್ತ್ರ ಆಯಿತು, ಹೆಂಗಸರ ಕೈಯಲ್ಲಿದ್ದಾಗ 'ಅದೇನು ಮಹಾ' ಆಯಿತು. ಕಾಕಾನ ಪ್ರಶ್ನೆ ಬಂದದ್ದು ಇಲ್ಲಿಂದ.

ಬಾಗಿಲು ಮುಚ್ಚಿದ ಕಾಲೇಜಿಗೆ ಹೋದಾಕೆ

ಈಗ ಸ್ವಲ್ಪ ಅಮೆರಿಕಾಕ್ಕ ಹೋಗಿ ಬರೋಣ. ಎಲೆನ್ ಸ್ವಾಲೊ ರಿಚರ್ಡ್ಸ್ ಅನ್ನೋ ಹೆಣ್ಣುಮಗಳು 1870ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಸೇರಿದರು. ಹೌದ್ರೀ, ಎಂಐಟಿ. ಅಲ್ಲಿ ಓದಿದ ಮೊದಲ ಹೆಣ್ಣು. ಆಕೆಯಿಂದ ಫೀ ತೆಗೆದುಕೊಳ್ಳಲಿಲ್ಲ. ದಯೆಯಿಂದ ಅಂತ ತಿಳೀಬ್ಯಾಡ್ರಿ. ನಾಳೆ ಯಾರಾದರೂ ತಕರಾರು ತೆಗೆದರೆ 'ಆಕೆ ನಮ್ಮ ವಿದ್ಯಾರ್ಥಿನಿ ಅಲ್ಲ' ಅನ್ನಲು ಒಂದು ದಾರಿ ಇರಲಿ ಅಂತ. 1873ರಲ್ಲಿ ಆಕೆ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು.

ಆಮೇಲೆ ಆಕೆ ಮಾಡಿದ್ದೇನು? ಕುಡಿಯುವ ನೀರು ಪರೀಕ್ಷೆ ಮಾಡಿದರು, ಸಾವಿರಾರು ಸ್ಯಾಂಪಲ್. ಅಂಗಡಿಯಲ್ಲಿ ಮಾರುವ ಆಹಾರದಲ್ಲಿ ಕಲಬೆರಕೆ ಎಷ್ಟು ಅಂತ ನೋಡಿದರು. ಮನೆಯ ಗಾಳಿ, ಚರಂಡಿ, ಅಡುಗೆ, ಎಲ್ಲವನ್ನೂ ಲ್ಯಾಬ್ ಕಣ್ಣಿನಿಂದ ನೋಡಿದರು. 1893ರ ಶಿಕಾಗೊ ಮೇಳದಲ್ಲಿ ಒಂದು ಅಡುಗೆಮನೆ ನಡೆಸಿ, ತಟ್ಟೆಯಲ್ಲಿ ಬಡಿಸಿದ ಊಟದಲ್ಲಿ ಏನೇನು ಪೋಷಕಾಂಶ ಇದೆ ಅಂತ ಜನರಿಗೆ ಬರೆದು ತೋರಿಸಿದರು. ಇವತ್ತು ಬಿಸ್ಕಿಟ್ ಪಾಕೀಟಿನ ಹಿಂದ ಸಣ್ಣ ಅಕ್ಷರದಾಗ ಓದ್ತೀವಲ್ಲ, ಅದರ ಮುತ್ತಜ್ಜಿ ಅನ್ನಬಹುದು.

1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲ್ಯಾಸಿಡ್ ಅನ್ನುವ ಊರಲ್ಲಿ ಒಂದು ಸಣ್ಣ ಸಭೆ ಸೇರಿತು. ಆತಿಥ್ಯ ವಹಿಸಿದವರು ಮೆಲ್ವಿಲ್ ಡ್ಯೂಯಿ. ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನ ಮೇಲೆ ನಂಬರ್ ಇರುತ್ತದಲ್ಲ, ಆ ದಶಮಾಂಶ ಪದ್ಧತಿ ಮಾಡಿದ ಅದೇ ಡ್ಯೂಯಿ. ಹತ್ತು ವರ್ಷ ಸಭೆ ಸೇರಿ ಸೇರಿ, 1909ರ ಹೊತ್ತಿಗೆ ಅಮೆರಿಕನ್ ಹೋಮ್ ಇಕನಾಮಿಕ್ಸ್ ಅಸೋಸಿಯೇಷನ್ ಹುಟ್ಟಿತು. ಡ್ಯೂಯಿ ಪದ್ಧತಿ ಬಳಸುವ ಲೈಬ್ರರಿಗೆ ಹೋದರೆ 640ನೇ ನಂಬರಿನ ಕಪಾಟು ಹುಡುಕ್ರಿ, ಮನೆ ನಡೆಸುವ ಪುಸ್ತಕಗಳ ಜಾಗ ಅದು.

ರಿಚರ್ಡ್ಸ್ ಹೆಂಗಸರನ್ನು ಅಡುಗೆಮನೆಗೆ ಕಳಿಸಿದರು ಅಂತ ಕೆಲವರು ದೂರುತ್ತಾರೆ. ಆದರೆ ಆ ಕಾಲ ನೆನಪಿಡ್ರಿ. ಎಷ್ಟೋ ಕಾಲೇಜುಗಳ ಲ್ಯಾಬು ಹೆಂಗಸರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಮನೆ ಅನ್ನುವ ಹೆಸರಿಟ್ಟುಕೊಂಡಾಗ ಎಷ್ಟೋ ಹೆಂಗಸರಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ಓದಲು, ಪ್ರೊಫೆಸರ್ ಆಗಲು ದಾರಿ ಸಿಕ್ಕಿತು. ಹಿಂಬಾಗಿಲಾದರೂ ಅದು ಬಾಗಿಲೇ.

ದಿಲ್ಲಿ, ಬರೋಡಾ, ನಡುವೆ ಮಂಗಳೂರಿನ ಕಮಲಾದೇವಿ

ನಮ್ಮ ದೇಶದಲ್ಲಿ 1916ರಲ್ಲಿ ಮಹರ್ಷಿ ಧೋಂಡೊ ಕೇಶವ ಕರ್ವೆ ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರು ಮಾಡಿದರು. ಈಗಿನ ಎಸ್‌ಎನ್‌ಡಿಟಿ. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಓದಿ ಅವರಿಗೆ ಈ ಯೋಚನೆ ಬಂದದ್ದು. ಮಾತೃಭಾಷೆಯಲ್ಲಿ ಪಾಠ, ಜೊತೆಗೆ ಗೃಹಜೀವನದ ವಿಷಯ, ಆರೋಗ್ಯದ ವಿಷಯ.

1927ರಲ್ಲಿ ಪುಣೆಯಲ್ಲೇ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಭೆ ನಡೆಯಿತು. ಅದನ್ನು ಕಟ್ಟಿದವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಈ ಸಂಘಟನೆಯ ಪ್ರಯತ್ನದಿಂದ 1932ರಲ್ಲಿ ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ಹೆಸರು ವೈಸ್‌ರಾಯ್ ಹೆಂಡತಿಯದು, ಹಿಂದಿನ ದುಡಿಮೆ ಭಾರತದ ಹೆಣ್ಣುಮಕ್ಕಳದು. ಮೊದಲ ನಿರ್ದೇಶಕಿ ಹನ್ನಾ ಸೇನ್. ಗೃಹ ವಿಜ್ಞಾನವನ್ನೇ ಮುಖ್ಯ ಮಾಡಿಕೊಂಡ ಕಾಲೇಜು ಅದು.

ಆಗ ಹುಣಸಗಿ ಎಲ್ಲಿತ್ತು? ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಶಾಲೆಯ ಪಾಠ ಉರ್ದುವಿನಲ್ಲಿ. ಕನ್ನಡದಲ್ಲಿ ಓದು ಬರಹ ಕಲಿಯುವುದೇ ಗಂಡುಹುಡುಗರಿಗೂ ಕಷ್ಟವಾಗಿದ್ದ ಕಾಲ. ದಿಲ್ಲಿಯಲ್ಲಿ ಹುಡುಗಿಯರು ಪೌಷ್ಟಿಕತೆಯ ಪಾಠ ಕೇಳುತ್ತಿದ್ದಾಗ ನಮ್ಮ ಮುತ್ತಜ್ಜಿಯರಿಗೆ ಅಕ್ಷರವೇ ದೂರ. ಈ ಅಂತರ ನೆನಪಿಟ್ಟುಕೊಳ್ರಿ, ಕೊನೆಗೆ ಮತ್ತೆ ಬರ್ತದ.

ಸ್ವಾತಂತ್ರ್ಯ ಬಂದ ಮೇಲೆ ಬರೋಡಾದಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಶುರುವಾಯಿತು. ಕುಲಪತಿ ಹಂಸಾ ಮೆಹ್ತಾ. ಈ ಹೆಸರು ನೀವು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ ಮೊದಲ ಕಲಮಿನಲ್ಲಿ 'ಎಲ್ಲ ಪುರುಷರೂ' ಅನ್ನುವ ಅರ್ಥ ಬರುವ ಇಂಗ್ಲಿಷ್ ಪದ ಇತ್ತು. ಅದು 'ಎಲ್ಲ ಮಾನವರೂ' ಅಂತ ಆಗಬೇಕು ಎಂದು ಹಟ ಹಿಡಿದವರು ಇವರು. ಅದೇ ಹಂಸಾ ಮೆಹ್ತಾ 1950ರಲ್ಲಿ ಬರೋಡಾದಲ್ಲಿ ಗೃಹ ವಿಜ್ಞಾನದ ವಿಭಾಗ ಕಟ್ಟಿದರು.

ಒಬ್ಬರೇ ಮನುಷ್ಯರು ಎರಡೂ ಕೆಲಸ ಹೆಂಗ ಮಾಡಿದರು? ಒಂದು ಕಡೆ ಹೆಣ್ಣು ಗಂಡು ಸಮಾನ ಅಂತ ಜಗತ್ತಿಗೆ ಹೇಳೋದು, ಇನ್ನೊಂದು ಕಡೆ ಹುಡುಗಿಯರಿಗೆ ಗೃಹ ವಿಜ್ಞಾನ ತರೋದು. ಉತ್ತರ ಅವರೇ ಕೊಟ್ಟಿದ್ದಾರೆ. 1960ರ ದಶಕದ ಶುರುವಿನಲ್ಲಿ ಹುಡುಗ ಹುಡುಗಿಯರ ಪಠ್ಯಕ್ರಮ ಬೇರೆ ಬೇರೆ ಇರಬೇಕೇ ಅಂತ ನೋಡಲು ಒಂದು ಸಮಿತಿ ಆಯಿತು. ಅಧ್ಯಕ್ಷರು ಹಂಸಾ ಮೆಹ್ತಾ. ಶಾಲೆಯ ಆರಂಭದ ಹಂತದಲ್ಲಿ ಯಾವ ಭೇದವೂ ಬೇಡ, ಗೃಹ ವಿಜ್ಞಾನ ಕಲಿಸುವುದಾದರೆ ಹುಡುಗರಿಗೂ ಹುಡುಗಿಯರಿಗೂ ಕಲಿಸಿ, ಇದು ಸಮಿತಿಯ ಮಾತು. 1964–66ರ ಕೊಠಾರಿ ಆಯೋಗವೂ ಆ ಸಮಿತಿಯ ದಾರಿಯನ್ನೇ ಒಪ್ಪಿತು. ಗೃಹ ವಿಜ್ಞಾನ ಕಟ್ಟಿದವರೇ 'ಇದು ಹೆಂಗಸರ ವಿಷಯ ಮಾತ್ರ ಅಲ್ಲ' ಅಂದು ಅರವತ್ತು ವರ್ಷ ಆಯಿತು. ನಮ್ಮ ಕಟ್ಟಿ ಮ್ಯಾಲಿನ ಕಾಕಾಗ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಧಾರವಾಡದಿಂದ ಕವಡಿಮಟ್ಟಿವರೆಗೆ

ಕರ್ನಾಟಕಕ್ಕೆ ಬರೋಣ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಶ್ರೀಮತಿ ವಿಎಚ್‌ಡಿ ಕೇಂದ್ರೀಯ ಗೃಹ ವಿಜ್ಞಾನ ಸಂಸ್ಥೆ ಇದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆ ವಿಭಾಗ ಇದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಆಹಾರ ಸಂಸ್ಕರಣೆ, ಪೌಷ್ಟಿಕತೆ ಓದಬಹುದು.

ಆದರೆ ಹಳ್ಳಿಯ ದೃಷ್ಟಿಯಿಂದ ಮುಖ್ಯವಾದದ್ದು ಧಾರವಾಡ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆಯಿತು. ಪಾಠ, ಸಂಶೋಧನೆ, ರೈತರಿಗೆ ತಲುಪಿಸುವ ವಿಸ್ತರಣೆ ಮೂರೂ ಒಂದೇ ಸೂರಿನ ಕೆಳಗೆ ಇರಬೇಕು ಅನ್ನುವ ಅಮೆರಿಕದ ಮಾದರಿ ಅದು. ಅದರ ಅಡಿಯಲ್ಲಿ 1974ರಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹ ವಿಜ್ಞಾನ ಕಾಲೇಜು ಶುರುವಾಯಿತು. 'ಗ್ರಾಮೀಣ' ಅನ್ನುವ ಪದ ಗಮನಿಸ್ರಿ. ದಿಲ್ಲಿಯ ಕಾಲೇಜು ಪೇಟೆಯ ಮಧ್ಯಮ ವರ್ಗದ ಮನೆ ನೋಡಿ ಹುಟ್ಟಿದ್ದು, ಇದು ಹೊಲ ಇರುವ ಮನೆ ನೋಡಿ ಹುಟ್ಟಿದ್ದು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೇರೆಯಾದಾಗ ಕಾಲೇಜು ಅದರ ಪಾಲಿಗೆ ಬಂತು. ಈಗ ಅದರ ಹೆಸರು ಸಮುದಾಯ ವಿಜ್ಞಾನ ಕಾಲೇಜು.

ಅಲ್ಲಿ ಏನು ಓದಿಸ್ತಾರ? ಐದು ವಿಭಾಗ. ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆ ಒಂದು. ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಎರಡು, ಅಂದರೆ ಕೂಸು ಹುಟ್ಟಿದಾಗಿನಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ ಅನ್ನುವ ಓದು. ಜವಳಿ ಮತ್ತು ಉಡುಪು ವಿನ್ಯಾಸ ಮೂರು. ಕುಟುಂಬ ಸಂಪನ್ಮೂಲ ನಿರ್ವಹಣೆ ನಾಲ್ಕು, ಹಣ, ಹೊತ್ತು, ಮೈಬಲ ಇವನ್ನು ಮನೆ ಹೇಗೆ ಖರ್ಚು ಮಾಡುತ್ತದೆ ಅಂತ. ಗ್ರಾಹಕರ ಹಕ್ಕು, ಕಲಬೆರಕೆ, ಅಳತೆ ತೂಕದ ಮೋಸ ಇವೂ ಇದರೊಳಗೇ ಬರುತ್ತವೆ. ವಿಸ್ತರಣೆ ಮತ್ತು ಸಂವಹನ ಐದು, ಕಲಿತದ್ದನ್ನು ಊರಿಗೆ ಮುಟ್ಟಿಸುವ ವಿದ್ಯೆ. ಐದರಲ್ಲಿ ಅಡುಗೆ ಎಷ್ಟು ಪಾಲು ಅಂತ ನೀವೇ ಲೆಕ್ಕ ಹಾಕ್ರಿ.

ಇದು ಓದಿದವರು ಎಲ್ಲಿ ಹೋದರು? 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗೆ ಗ್ರಾಮಸೇವಕರ ಜೊತೆ ಗ್ರಾಮಸೇವಿಕೆಯರು ಬಂದರು. ಮಹಿಳಾ ಮಂಡಳ ಕಟ್ಟಿದವರು ಅವರು. 1975ರಲ್ಲಿ, ಮತ್ತೆ ಅಕ್ಟೋಬರ್ 2ರಂದೇ, ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂತು. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರ. ನಮ್ಮ ನಿಮ್ಮ ಅಂಗನವಾಡಿ ಅಂದ್ರೆ ಇದೇ. ಅಲ್ಲಿ ಕೂಸಿನ ತೂಕ ಹಾಕಿ ಚಾರ್ಟಿನಲ್ಲಿ ಚುಕ್ಕಿ ಇಡುವುದು, ವಯಸ್ಸಿಗೆ ತಕ್ಕ ಎತ್ತರ ಇದೆಯೋ ನೋಡುವುದು, ಆಹಾರದ ಪಟ್ಟಿ ಮಾಡುವುದು, ಎಲ್ಲವೂ ಗೃಹ ವಿಜ್ಞಾನದ ತರಗತಿಯಿಂದ ಹೊರಬಂದ ಕೆಲಸಗಳು.

ನಮ್ಮ ಹತ್ತಿರ ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆದದ್ದು. ಇಂಥ ಕೇಂದ್ರಗಳಲ್ಲಿ ಬೆಳೆ, ಮಣ್ಣು, ಕೀಟದ ತಜ್ಞರ ಜೊತೆ ಗೃಹ ವಿಜ್ಞಾನದ ತಜ್ಞರಿಗೂ ಒಂದು ಜಾಗ ಇಡುವುದು ರೂಢಿ. ಗೊಬ್ಬರ ಎಷ್ಟು ಹಾಕಬೇಕು ಅಂತ ಕೇಳಲು ಕೇಂದ್ರಕ್ಕೆ ಹೋಗ್ತೀವಿ. ಬಾಣಂತಿಗೆ ಏನು ಉಣ್ಣಲು ಕೊಡಬೇಕು ಅಂತ ಕೇಳಲೂ ಅಲ್ಲಿಗೆ ಹೋಗಬಹುದು ಅನ್ನೋದು ಎಷ್ಟು ಮಂದಿಗೆ ಗೊತ್ತು?

ಜ್ವಾಳದ ರೊಟ್ಟಿಯ ಒಂದು ಪಾಠ

'ಅವ್ವ ಕಲಸಂಗಿಲ್ಲೇನು' ಅನ್ನುವ ಪ್ರಶ್ನೆಗೆ ಒಂದು ನೇರ ಉತ್ತರ ಕೊಡ್ತೀನಿ, ಅದೂ ನಮ್ಮ ಜ್ವಾಳದ ರೊಟ್ಟಿಯಿಂದಲೇ.

ಪೆಲಾಗ್ರಾ ಅಂತ ಒಂದು ಕಾಯಿಲೆ. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ತಲೆಯೂ ಕೆಡಬಹುದು. ನಯಾಸಿನ್ ಅನ್ನುವ ಬಿ ವಿಟಮಿನ್ ಕಡಿಮೆಯಾದರೆ ಬರುತ್ತದೆ. ಅಮೆರಿಕದಲ್ಲಿ ಮೆಕ್ಕೆಜೋಳವನ್ನೇ ನಂಬಿದ್ದ ಬಡವರಲ್ಲಿ ಇದು ಹರಡಿತ್ತು. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳ ತಿನ್ನುವ ಬಡವರಲ್ಲೂ ಇದು ಕಾಣಿಸುತ್ತಿತ್ತು. ಹೈದರಾಬಾದಿನ ಪೌಷ್ಟಿಕತೆ ಪ್ರಯೋಗಾಲಯದಲ್ಲಿ, ಅಂದರೆ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ, ಸಿ. ಗೋಪಾಲನ್ ಮತ್ತು ಜೊತೆಗಾರರು 1960ರ ಸುಮಾರಿಗೆ ಇದರ ಬೆನ್ನು ಹತ್ತಿದರು. ಜೋಳದಲ್ಲಿ ಲ್ಯೂಸಿನ್ ಅನ್ನುವ ಅಂಶ ಜಾಸ್ತಿ ಇದೆ, ಅದು ದೇಹ ನಯಾಸಿನ್ ಬಳಸಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ ಅನ್ನುವ ವಾದ ಮುಂದಿಟ್ಟರು. ವಿಜ್ಞಾನಿಗಳ ನಡುವೆ ಅದರ ಬಗ್ಗೆ ದೊಡ್ಡ ಚರ್ಚೆಯೂ ನಡೆಯಿತು.

ಹಾಗಂತ ರೊಟ್ಟಿ ಬಿಡಬ್ಯಾಡ್ರಿ ಮತ್ತ! ಬರೀ ರೊಟ್ಟಿ ತಿಂದು ಬದುಕುವ ಬಡತನ ಇದ್ದಲ್ಲಿ ಕಾಯಿಲೆ ಬಂತು. ರೊಟ್ಟಿ ಜೊತೆ ಬ್ಯಾಳಿ, ಶೇಂಗಾ ಹಿಂಡಿ, ಪುಂಡಿಪಲ್ಲೆ, ಮಜ್ಜಿಗೆ ಇದ್ದ ತಾಟಿಗೆ ಬರಲಿಲ್ಲ. ಅವ್ವ ಕಲಿಸಿದ ತಾಟು ಸರಿಯಾಗಿಯೇ ಇತ್ತು. ಆದರೆ ಯಾಕೆ ಸರಿ, ಯಾವಾಗ ಅದು ತಪ್ಪುತ್ತದೆ, ಯಾರ ಮನೆಯಲ್ಲಿ ಆ ಹಿಂಡಿ, ಆ ಬ್ಯಾಳಿ ಕಾಣೆಯಾಗಿದೆ, ಇದನ್ನು ಅಳೆದು ಹೇಳಲು ಲ್ಯಾಬ್ ಬೇಕು, ಓದು ಬೇಕು. ನಮ್ಮ ಕಡೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ತಾಟಿನಲ್ಲಿ ಅನ್ನ ಹೆಚ್ಚಾಯಿತು. ಗುಳೆ ಹೋದ ಕುಟುಂಬದ ತಾಟು ಬೆಂಗಳೂರಿನ ಶೆಡ್ಡಿನಲ್ಲಿ ಮತ್ತೊಂದು ತರ ಆಯಿತು. ಅವ್ವನ ಪಾಠ ಅವ್ವನ ಕಾಲದ ತಾಟಿಗೆ. ಈಗಿನ ತಾಟನ್ನು ಯಾರು ಅಳೀಬೇಕು?

ನನ್ನ ಬಿ.ಕಾಂ. ಲೆಕ್ಕ

ಈಗ ನನ್ನ ಅಂಗಳಕ್ಕೆ ಬರ್ತೀನಿ. ಅರ್ಥಶಾಸ್ತ್ರದಲ್ಲಿ ಎ.ಸಿ. ಪಿಗೂ ಅನ್ನುವವರು 1920ರಲ್ಲಿ ಒಂದು ಒಗಟು ಹೇಳಿದರು. ಒಬ್ಬ ಮನುಷ್ಯ ಮನೆಗೆಲಸಕ್ಕೆ ಒಬ್ಬಾಕೆಯನ್ನು ಪಗಾರಕ್ಕೆ ಇಟ್ಟುಕೊಂಡಿದ್ದಾನೆ. ಅವಳನ್ನೇ ಮದುವೆಯಾದರೆ ಪಗಾರ ನಿಲ್ಲುತ್ತದೆ. ಕೆಲಸ ಅಷ್ಟೇ, ಆದರೆ ದೇಶದ ಆದಾಯ ಕಡಿಮೆಯಾಯಿತು ಅಂತ ಪುಸ್ತಕ ಹೇಳುತ್ತದೆ! ಇದಕ್ಕೆ ಅಳತೆಗೋಲು ಹುಡುಕಿದವರು ಗೃಹ ವಿಜ್ಞಾನದ ಅಂಗಳದವರೇ ಆದ ಮಾರ್ಗರೆಟ್ ರೀಡ್. 1934ರಲ್ಲಿ ಮನೆಯೊಳಗಿನ ಉತ್ಪಾದನೆಯ ಅರ್ಥಶಾಸ್ತ್ರದ ಬಗ್ಗೆ ಪುಸ್ತಕ ಬರೆದರು. ಅವರ ಪರೀಕ್ಷೆ ಸರಳ: ಈ ಕೆಲಸವನ್ನು ಹಣ ಕೊಟ್ಟು ಮೂರನೆಯವರಿಂದ ಮಾಡಿಸಬಹುದೇ? ಹೌದು ಅಂದರೆ ಅದು ಉತ್ಪಾದನೆ. ನೀವು ಸಿನಿಮಾ ನೋಡೋದನ್ನ ಬೇರೆಯವರಿಂದ ಮಾಡಿಸಾಕ ಆಗಂಗಿಲ್ಲ. ರೊಟ್ಟಿ ಬಡಿಯೋದು, ನೀರು ತರೋದು, ಮುದುಕರನ್ನ ನೋಡ್ಕೊಳ್ಳೋದು ಮಾಡಿಸಬಹುದು.

ನಮ್ಮ ದೇಶದಲ್ಲಿ ಈ ಲೆಕ್ಕ ಕೋರ್ಟಿಗೂ ಹೋಯಿತು. ಅಪಘಾತದಲ್ಲಿ ಗೃಹಿಣಿ ಸತ್ತರೆ ಪರಿಹಾರ ಎಷ್ಟು? ಸಂಬಳ ಇಲ್ಲವಲ್ಲ. 2010ರಲ್ಲಿ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೆ ಬೆಲೆ ಇದೆ ಅಂತ ಎತ್ತಿ ಹೇಳಿತು. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ 'ಕೆಲಸ ಮಾಡದವರು' ಅಂತ ಸೇರಿಸಿದ್ದನ್ನೂ ಕಟುವಾಗಿ ಟೀಕಿಸಿತು. 2021ರ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸರ್ಕಾರದ್ದೇ ಸಮಯ ಬಳಕೆ ಸಮೀಕ್ಷೆಯನ್ನು ಮುಂದಿಟ್ಟರು.

ಆ ಸಮೀಕ್ಷೆ 2019ರದ್ದು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದರಾಗೂ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಮಾಡ್ತಾರ, ಗಂಡಸರಲ್ಲಿ ನೂರಕ್ಕೆ 26. ಕ್ಯಾಲ್ಕುಲೇಟರ್ ತೆಗೀರಿ. 299 ಗುಣಿಸು 365, ಭಾಗಿಸು 60. ವರ್ಷಕ್ಕೆ ಸುಮಾರು 1,819 ತಾಸು. ಎಂಟು ತಾಸಿನ ದಿನ ಹಿಡಿದರೆ 227 ದಿನದ ಕೆಲಸ. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಲಕ್ಷ್ಮಿ ಅಂತ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಇದೆ. ಅದು ಕೂಲಿ ಅಲ್ಲ, ನೆರವು. ಆದರೂ ಹೋಲಿಕೆಗೆ ಅಂತ ವರ್ಷದ 24,000 ರೂಪಾಯಿಯನ್ನು 1,819 ತಾಸಿಗೆ ಭಾಗಿಸಿ ನೋಡಿದೆ. ತಾಸಿಗೆ 13 ರೂಪಾಯಿ ಚಿಲ್ಲರೆ. ಆ ನೆರವಿನ ಬಗ್ಗೆ ಟಿವಿಯಲ್ಲಿ ಎಷ್ಟು ಜಗಳ ನಡೆಯಿತು ನೆನಪಿದೆಯಾ? ಆ 1,819 ತಾಸಿನ ಬಗ್ಗೆ ಅಂಥ ಜಗಳ ನಾನು ಕೇಳಿಲ್ಲ.

ಹೆಸರು ಬದಲಾದರೆ ಸಾಕೇ?

ಈ ವಿಷಯದ ಹೆಸರು ಎಷ್ಟು ಸಲ ಬದಲಾಯಿತು ನೋಡ್ರಿ. ಅಮೆರಿಕದ ಸಂಘ 1994ರಲ್ಲಿ ಹೋಮ್ ಇಕನಾಮಿಕ್ಸ್ ಬಿಟ್ಟು 'ಕುಟುಂಬ ಮತ್ತು ಗ್ರಾಹಕ ವಿಜ್ಞಾನ' ಅಂತಾಯಿತು. ಬರೋಡಾದಲ್ಲಿ 'ಕುಟುಂಬ ಮತ್ತು ಸಮುದಾಯ ವಿಜ್ಞಾನ'. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 'ಮಾನವ ಪರಿಸರ ಮತ್ತು ಕುಟುಂಬ ವಿಜ್ಞಾನ'. ಧಾರವಾಡದಲ್ಲಿ ಸಮುದಾಯ ವಿಜ್ಞಾನ. ಕಾರಣ ಅರ್ಥವಾಗುತ್ತದೆ. 'ಗೃಹ' ಅಂದ ಕೂಡಲೆ ಜನ ನಗುತ್ತಾರೆ, ಹುಡುಗರು ಹತ್ತಿರ ಬರುವುದಿಲ್ಲ, ಮದುವೆ ಆಗುವವರೆಗೆ ಕುಳಿತಿರಲು ಒಂದು ಡಿಗ್ರಿ ಅಂತ ಅಂದುಕೊಳ್ಳುತ್ತಾರೆ. ಬಾಗಿಲಾಗಿ ಬಂದದ್ದು ಎಷ್ಟೋ ಊರಲ್ಲಿ ಬೇಲಿಯಾಯಿತು ಅನ್ನುವುದೂ ನಿಜ. ಹುಡುಗಿ ಜಾಣೆ ಇದ್ದರೂ 'ನಿನಗ ಇದ ಸಾಕು' ಅಂತ ತಳ್ಳಿದವರು ಇದ್ದಾರೆ.

ನನಗನ್ನಿಸೋದು, ಹೆಸರು ಬದಲಿಸೋದು ತಪ್ಪಲ್ಲ, ಆದರೆ ನಾಚಿಕೆ ಪಡಬೇಕಾದ್ದು 'ಮನೆ' ಅನ್ನುವ ಪದಕ್ಕಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 41 ಮಂದಿಗೆ ಮಾತ್ರ ಓದು ಬರಹ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅರ್ಧಕ್ಕಿಂತ ಹೆಚ್ಚು! ನಿಮ್ಮ ಓಣಿಯ ಅಂಗನವಾಡಿಯ ಮುಂದೆ ನಿಂತು ಹೋಗ್ರಿ, ಒಳಗೆ ಹತ್ತು ಕೂಸು ಇದ್ದರೆ ಐದಾರು.

ಈ ಅಂಕಿ ಬದಲಿಸಲು ಡಾಕ್ಟರ್ ಒಬ್ಬರೇ ಸಾಲುವುದಿಲ್ಲ. ಗರ್ಭಿಣಿಯ ತಾಟು, ಮದುವೆಯ ವಯಸ್ಸು, ಕುಡಿಯುವ ನೀರು, ಒಲೆಯ ಹೊಗೆ, ಗುಳೆ ಹೋದ ಮನೆಯ ಕೂಸು, ಕೂಲಿ ದುಡ್ಡು ಯಾರ ಕೈಯಲ್ಲಿ ಖರ್ಚಾಗುತ್ತದೆ ಅನ್ನುವುದು, ಇಷ್ಟನ್ನೂ ಒಟ್ಟಿಗೆ ನೋಡುವವರು ಬೇಕು. ಇಷ್ಟನ್ನೂ ಒಟ್ಟಿಗೆ ಕಲಿಸುವ ಡಿಗ್ರಿ ಇದೇ. ಆ ಡಿಗ್ರಿ ಓದಲು ನಮ್ಮ ಹುಡುಗಿ ತಾಳಿಕೋಟಿ, ಮುದ್ದೇಬಿಹಾಳ, ಬಾಗಲಕೋಟೆ ದಾಟಿ ಧಾರವಾಡಕ್ಕೆ ಹೋಗಬೇಕು. ಯಾವ ಜಿಲ್ಲೆಗೆ ಈ ಓದು ಹೆಚ್ಚು ಬೇಕೋ, ಅಲ್ಲಿನ ಮಕ್ಕಳಿಗೆ ಅದು ಅಷ್ಟೇ ದೂರ. 1932ರ ಅಂತರ ಕೊನೆಗೆ ಮತ್ತೆ ಬರ್ತದ ಅಂದೆನಲ್ಲ, ಇದೇ ಅದು.

ಎಲ್ಲರೂ ಇದನ್ನೇ ಓದ್ರಿ ಅಂತ ನಾನು ಹೇಳ್ತಿಲ್ಲ. ಮೆಡಿಕಲ್ ಬೇಕಾದವಳು ಮೆಡಿಕಲ್ ಓದಲಿ, ಸಿಎ ಆಗೋಳು ಸಿಎ ಆಗಲಿ. ಆದರೆ ಆಪ್ಷನ್ ಎಂಟ್ರಿ ಮಾಡುವಾಗ ಈ ಹೆಸರು ಕಂಡರೆ ನಗಬ್ಯಾಡ್ರಿ. ಯಾವ ವಿಭಾಗಗಳಿವೆ, ಹಾಸ್ಟೆಲ್ ಇದೆಯಾ, ಓದಿದವರು ಯಾವ ಇಲಾಖೆಗೆ, ಯಾವ ಆಸ್ಪತ್ರೆಯ ಡಯಟ್ ವಿಭಾಗಕ್ಕೆ, ಯಾವ ಆಹಾರ ಕಂಪನಿಗೆ ಹೋಗಿದ್ದಾರೆ ಅಂತ ಕೇಳ್ರಿ. ಸೀನಿಯರ್ ಒಬ್ಬರ ಜೊತೆ ಮಾತಾಡ್ರಿ. ಮನೆಯಲ್ಲಿ ತಮ್ಮ ಇದ್ದರೆ, ಅವನಿಗೂ ಹೇಳ್ರಿ. ಹಂಸಾ ಮೆಹ್ತಾ ಸಮಿತಿ ಅವನನ್ನೂ ಲೆಕ್ಕಕ್ಕೆ ಹಿಡಿದಿತ್ತು.

ಕಾಕಾ, ನೀವು ಕೇಳ್ತಿದ್ರ, ನಿಮಗ ಉತ್ತರ ಇಷ್ಟ: ಅಡುಗಿ ಅವ್ವನೇ ಕಲಸ್ತಾಳ. ಅವ್ವನ ಕೆಲಸದ ಬೆಲೆ ಎಷ್ಟು, ಕೂಸು ಯಾಕ ಬೆಳೀವಲ್ದು ಅನ್ನೋದನ್ನ ಕಲಿಯಾಕ ಧಾರವಾಡಕ್ಕ ಹೋಗಬೇಕ್ರಿ. ನಿಮ್ಮ ಮಗಳು ಹೋಗ್ತೀನಿ ಅಂದ್ರ ಕಳಸ್ರಿ.

ಮುಂದಿನ ವಾರ ಸಿಗೋಣ. ಈ ಕಂತು ಯಾರಿಗಾದ್ರೂ ಉಪಯೋಗ ಆಗ್ತದ ಅನ್ನಿಸಿದ್ರ, ಪಿಯುಸಿ ಮುಗಿಸಿದ ಒಬ್ಬರಿಗೆ ಶೇರ್ ಮಾಡ್ರಿ.